ಒಂದೇ ಇಂಜೆಕ್ಷನ್‌ಗೆ ಹೆಣ್ಣು ಕುದುರೆ ಬೆದೆಗೆ ಬರುತ್ತದೆಯೇ?

ಸಂಕ್ಷಿಪ್ತವಾಗಿ

'ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಹೆಣ್ಣು ಕುದುರೆ ಯಾವಾಗ ಬೇಕಾದರೂ ಬೆದೆಗೆ ಬರುತ್ತದೆ' ಎಂಬ ನಂಬಿಕೆಯಿದೆ. ನಾವು ಇದನ್ನು ಪರಿಶೀಲಿಸಿದಾಗ ಅರ್ಧ ಸತ್ಯವೆಂದು ಕಂಡುಬಂತು. ಹಾರ್ಮೋನ್ ಈಗಾಗಲೇ ನಡೆಯುತ್ತಿರುವ ಚಕ್ರವನ್ನು ಹಿಂದೆ ಮುಂದೆ ಸರಿಸಬಲ್ಲದು. ನಿಂತುಹೋದ ಚಕ್ರವನ್ನು ಒಂದೇ ಚುಚ್ಚಿನಲ್ಲಿ ಶುರುಮಾಡಲಾರದು.

ಕುದುರೆಯ ಚಕ್ರ ಹೇಗಿರುತ್ತದೆ?

ಹೆಣ್ಣು ಕುದುರೆಯ ಚಕ್ರ ಸುಮಾರು 21 ದಿನಗಳದ್ದು. ಅದರಲ್ಲಿ 5ರಿಂದ 7 ದಿನ ಬೆದೆ. ಹಗಲು ಉದ್ದವಾದಾಗ ಚಕ್ರ ಚುರುಕಾಗುತ್ತದೆ. ಚಳಿಗಾಲದಲ್ಲಿ ಕತ್ತಲೆ ಹೆಚ್ಚಾದಾಗ ಮೆಲಟೋನಿನ್ ಹೆಚ್ಚು ಹೊತ್ತು ಸ್ರವಿಸುತ್ತದೆ, ಅಂಡಾಶಯ ವಿಶ್ರಾಂತಿಗೆ ಹೋಗುತ್ತದೆ. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಈ ವ್ಯತ್ಯಾಸ ಕಡಿಮೆ.

ಹಾಗಾದರೆ ಆತುರ ಏಕೆ?

ಭಾರತವೂ ಸೇರಿದಂತೆ ಉತ್ತರಾರ್ಧ ಗೋಳದಲ್ಲಿ ಥರೋಬ್ರೆಡ್ ರೇಸ್ ಕುದುರೆಗಳೆಲ್ಲಕ್ಕೂ ವಯಸ್ಸು ಎಣಿಸುವುದು ಜನವರಿ 1ರಿಂದ. ಡಿಸೆಂಬರ್ 31ಕ್ಕೆ ಹುಟ್ಟಿದ ಮರಿಗೆ ಮರುದಿನವೇ ಲೆಕ್ಕದಲ್ಲಿ ಒಂದು ವರ್ಷ! ಗರ್ಭಾವಧಿ ಸುಮಾರು 11 ತಿಂಗಳು. ಆದ್ದರಿಂದ ಜನವರಿ ದಾಟಿದ ಮೇಲೆ, ಆದಷ್ಟು ಬೇಗ ಮರಿ ಹುಟ್ಟಲಿ ಎಂದು ಸಾಕುವವರು ಬಯಸುತ್ತಾರೆ. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್‌ನಂಥ ಕಡೆ ಬೆಳೆಯುವ ರೇಸ್ ಕುದುರೆಗಳಿಗೂ ಇದೇ ಲೆಕ್ಕ.

ಯಾವ ಔಷಧಿ ಏನು ಮಾಡುತ್ತದೆ?

ಬೆಳಕು: ಇದು ಔಷಧಿಯಲ್ಲ, ಆದರೆ ಮೊದಲ ಹೆಜ್ಜೆ. ಲಾಯದಲ್ಲಿ ದೀಪ ಹಾಕಿ, ಹಗಲೂ ಸೇರಿ ದಿನಕ್ಕೆ ಸುಮಾರು 16 ಗಂಟೆ ಬೆಳಕು ಸಿಗುವಂತೆ ಮಾಡಿದರೆ ಎರಡು ತಿಂಗಳ ಹೊತ್ತಿಗೆ ಚಕ್ರ ಶುರುವಾಗುತ್ತದೆ.

ಆಲ್ಟ್ರೆನೋಜೆಸ್ಟ್: ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ, ಬಾಯಿಗೆ ಹಾಕುವ ಔಷಧಿ. ದಿನಕ್ಕೊಮ್ಮೆಯಂತೆ 10ರಿಂದ 15 ದಿನ ಕೊಟ್ಟು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕುದುರೆ ಬೆದೆಗೆ ಬರುತ್ತದೆ. ಆದರೆ ಅಂಡಾಶಯ ಆಗಲೇ ಎಚ್ಚೆತ್ತಿರಬೇಕು. ನಡು ಚಳಿಗಾಲದಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರೊಸ್ಟಗ್ಲಾಂಡಿನ್: ಅಂಡಾಣು ಹೊರಬಿದ್ದ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಮುಂದಿನ ಬೆದೆಯನ್ನು ತಡೆದಿರುತ್ತದೆ. ಈ ಇಂಜೆಕ್ಷನ್ ಅದನ್ನು ಕರಗಿಸುತ್ತದೆ, ಕೆಲವು ದಿನಗಳಲ್ಲಿ ಬೆದೆ ಕಾಣುತ್ತದೆ. ಅಂಡಾಣು ಬಿಡುಗಡೆಯಾಗಿ ಸುಮಾರು ಐದು ದಿನ ಕಳೆಯದಿದ್ದರೆ ಒಂದೇ ಚುಚ್ಚು ನಾಟುವ ಭರವಸೆಯಿಲ್ಲ. ಗ್ರಂಥಿಯೇ ಇಲ್ಲದಿದ್ದರೆ ಇಂಜೆಕ್ಷನ್‌ಗೆ ಕರಗಿಸಲು ಏನೂ ಇರುವುದಿಲ್ಲ.

ಎಚ್‌ಸಿಜಿ, ಡೆಸ್ಲೊರೆಲಿನ್: ಬೆದೆಯಲ್ಲಿರುವಾಗ, ಅಂಡಾಣುವಿನ ಕೋಶಕ ಸುಮಾರು 35 ಮಿಲಿಮೀಟರ್ ಬೆಳೆದಿದ್ದರೆ, ಸಾಮಾನ್ಯವಾಗಿ 48 ಗಂಟೆಯೊಳಗೆ ಅಂಡಾಣು ಬಿಡುಗಡೆಯಾಗುವಂತೆ ಮಾಡುತ್ತವೆ. ಗಂಡು ಕುದುರೆಯ ಬಳಿ ಯಾವ ದಿನ ಬಿಡಬೇಕೆಂದು ನಿರ್ಧರಿಸಲು ಇದು ನೆರವಾಗುತ್ತದೆ.

ಇವೆಲ್ಲಕ್ಕೂ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. ಅಂಡಾಶಯ ನೋಡದೆ ಇಂಜೆಕ್ಷನ್ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಅಪಾಯ ಏನು?

ಗಬ್ಬದ ಕುದುರೆಗೆ ಪ್ರೊಸ್ಟಗ್ಲಾಂಡಿನ್ ಕೊಟ್ಟರೆ ಗರ್ಭಪಾತವಾಗಬಹುದು. ಬೆವರು, ಸಣ್ಣ ಹೊಟ್ಟೆನೋವು ಕಾಣಿಸಬಹುದು, ಇವು ಹೆಚ್ಚಾಗಿ ತಾವಾಗಿಯೇ ಇಳಿಯುತ್ತವೆ.

ನಾವು ಮುಖ್ಯವಾಗಿ ಹೇಳಬೇಕಾದದ್ದು ಲಾಯದಲ್ಲಿ ದುಡಿಯುವವರ ಬಗ್ಗೆ. ಎರಡೂ ಔಷಧಿಗಳು ಚರ್ಮದ ಮೂಲಕ ದೇಹಕ್ಕೆ ಸೇರುತ್ತವೆ. ಆಲ್ಟ್ರೆನೋಜೆಸ್ಟ್ ಮಹಿಳೆಯರ ಮುಟ್ಟನ್ನು ಏರುಪೇರು ಮಾಡಬಹುದು. ಪ್ರೊಸ್ಟಗ್ಲಾಂಡಿನ್ ಗರ್ಭಿಣಿಯರಲ್ಲಿ ಗರ್ಭಪಾತಕ್ಕೂ, ಆಸ್ತಮಾ ಇರುವವರಲ್ಲಿ ಉಸಿರಾಟದ ತೊಂದರೆಗೂ ಕಾರಣವಾಗಬಹುದು. ಗರ್ಭಿಣಿಯರು ಇವನ್ನು ಮುಟ್ಟಲೇಬಾರದು. ಆಲ್ಟ್ರೆನೋಜೆಸ್ಟ್‌ಗೆ ಲ್ಯಾಟೆಕ್ಸ್ ಕೈಗವಸು ಸಾಲದು, ನೈಟ್ರೈಲ್ ಅಥವಾ ವಿನೈಲ್‌ನದ್ದು ಬೇಕು. ಮೈಮೇಲೆ ಚೆಲ್ಲಿದರೆ ತಕ್ಷಣ ಸೋಪು, ನೀರಿನಿಂದ ತೊಳೆಯಿರಿ.

ಕೊನೆಯ ಮಾತು

ಹಾರ್ಮೋನ್ ಚಿಕಿತ್ಸೆ ಮಂತ್ರವಲ್ಲ, ದಿನ ಹೊಂದಿಸುವ ಸಾಧನ. ಬೆಳಕು, ಸ್ಕ್ಯಾನ್, ಔಷಧಿ ಈ ಕ್ರಮದಲ್ಲಿ, ಪಶುವೈದ್ಯರ ಸಲಹೆಯಂತೆ ನಡೆದರೆ ಮಾತ್ರ ಫಲ. ಯಾರೋ ಹೇಳಿದರೆಂದು ಬಾಟಲಿ ತಂದು ಚುಚ್ಚಬೇಡಿ.