ಟರ್ಬೊ ಕಾರು ಮಾರುವ ಮುನ್ನ



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಬಗ್ಗೆ ನಿಮ್ಮ ತಾತನನ್ನು ಕೇಳಿ ನೋಡಿ. ಎತ್ತು ಕೊಳ್ಳುವವರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಕೊಂಬಿಗೆ ಬಣ್ಣ ಹಚ್ಚಬಹುದು, ಆದರೆ ಹಲ್ಲು ವಯಸ್ಸನ್ನು ಹೇಳಿಬಿಡುತ್ತದೆ. ಸರಟೋಗಾದ ನಿಮ್ಮ ಗ್ಯಾರೇಜಿನಲ್ಲಿ ನಿಂತಿರುವ ಟರ್ಬೊ ರೇಸ್ ಕಾರಿಗೂ ಅಂಥ ಹಲ್ಲುಗಳಿವೆ. ಮಾರುವಾಗ ಅವನ್ನು ನೀವೇ ತೋರಿಸಬೇಕು.

ಟರ್ಬೊ ಮಾಡುವ ಕೆಲಸ ಇಷ್ಟು: ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ. ಟರ್ಬೊ ಇನ್ನೂ ಅಷ್ಟನ್ನೇ ಸೇರಿಸಿದರೆ ಒತ್ತಡ ಎರಡರಷ್ಟಾಗುತ್ತದೆ. ಶಕ್ತಿ ಹೆಚ್ಚುತ್ತದೆ, ಜೊತೆಗೆ ಶಾಖವೂ ಪಿಸ್ಟನ್ನಿನ ಮೇಲಿನ ಹೊರೆಯೂ ಹೆಚ್ಚುತ್ತವೆ.

ಆದ್ದರಿಂದ ಕೊಳ್ಳುವವರಿಗೆ ಹೊಳೆಯುವ ಭಾಗಗಳಿಗಿಂತ ಮೂರು ಸಂಗತಿ ಮುಖ್ಯ. ಒಂದು, ಪ್ರತಿ ಸಿಲಿಂಡರಿನ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆಯ ಅಂಕಿಗಳು. ಎರಡು, ಯಾವ ಭಾಗವನ್ನು ಯಾವಾಗ ಹಾಕಿಸಿದಿರಿ ಎಂಬ ರಸೀದಿಗಳು. ಮೂರು, ಟ್ಯೂನ್ ಯಾವ ಇಂಧನಕ್ಕೆ ಎಂಬ ಮಾಹಿತಿ. ಎಥನಾಲ್ ಹೆಚ್ಚಿರುವ ಇ85ಕ್ಕೆ ಟ್ಯೂನ್ ಮಾಡಿದ ಕಾರಿಗೆ ತಿಳಿಯದೆ 91 ಆಕ್ಟೇನ್ ಪೆಟ್ರೋಲ್ ತುಂಬಿಸಿ ಪೂರ್ತಿ ಬೂಸ್ಟಿನಲ್ಲಿ ಓಡಿಸಿದರೆ ಎಂಜಿನ್ ನಾಕ್ ಮಾಡಿ ಒಡೆಯಬಹುದು. ನೀವು ಒಂದು ಮಾತು ಹೇಳಲು ಮರೆತರೆ, ಇನ್ನೊಬ್ಬರು ವರ್ಷಗಟ್ಟಲೆ ಕೂಡಿಟ್ಟ ಹಣ ಒಂದೇ ದಿನದಲ್ಲಿ ಹೊಗೆಯಾಗುತ್ತದೆ.

ಇನ್ನು ಕಾಗದಪತ್ರ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ನೋಂದಣಿ ಇರುವ ಪೆಟ್ರೋಲ್ ಕಾರು ಮಾರುವಾಗ ಸಾಮಾನ್ಯವಾಗಿ 90 ದಿನಗಳೊಳಗಿನ ಸ್ಮಾಗ್ ಪ್ರಮಾಣಪತ್ರ ಕೊಡುವುದು ಮಾರುವವರ ಹೊಣೆ. 1975 ಮತ್ತು ಅದಕ್ಕೂ ಹಳೆಯ ಮಾಡೆಲ್‌ಗಳಿಗೆ ವಿನಾಯಿತಿ ಇದೆ. "ಇದ್ದ ಹಾಗೆ ಮಾರಿದ್ದೇನೆ" ಎಂದು ಬರೆದುಕೊಂಡರೂ ಈ ಹೊಣೆ ತಪ್ಪುವುದಿಲ್ಲ. ಹೊರಗಿನಿಂದ ತಂದು ಜೋಡಿಸಿದ ಟರ್ಬೊಗೆ ರಾಜ್ಯದ ವಾಯು ಮಂಡಳಿ ಕೊಡುವ ಇಒ ಸಂಖ್ಯೆ ಇಲ್ಲದಿದ್ದರೆ ಪರೀಕ್ಷೆಯಲ್ಲಿ ಕಾರು ಫೇಲ್. 2021ರ ಜುಲೈನಿಂದ ಕಾರಿನ ಕಂಪ್ಯೂಟರಿನ ತಂತ್ರಾಂಶ ಬದಲಾಗಿದೆಯೇ ಎಂದೂ ನೋಡುತ್ತಾರೆ. ಅದಕ್ಕೇ ಕಂಪನಿಯ ಮೂಲ ಭಾಗಗಳನ್ನು ಎಸೆಯಬೇಡಿ ಎನ್ನುವುದು. ರಸ್ತೆ ನೋಂದಣಿಯೇ ಇಲ್ಲದ ಬರೀ ಟ್ರ್ಯಾಕಿನ ಕಾರಾದರೆ ಹಾಗೆಂದು ಮಾರಾಟ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಅದು ಲಗುನಾ ಸೆಕಾಕ್ಕೆ ಹೋಗಬೇಕಾದರೂ ಟ್ರೇಲರ್ ಮೇಲೆಯೇ. ಓಡಿಸಿ ನೋಡಲೆಂದು ಹೈವೇ 9ರ ತಿರುವುಗಳಿಗೆ ಕಳಿಸಬೇಡಿ.

ನೋಂದಣಿ ಇರುವ ಕಾರು ಕೈಬದಲಾದ 5 ದಿನಗಳೊಳಗೆ ಡಿಎಂವಿಗೆ ತಿಳಿಸಿ. ಇಲ್ಲದಿದ್ದರೆ ಹೊಸಬರ ದಂಡದ ಚೀಟಿ ನಿಮ್ಮ ಮನೆಬಾಗಿಲಿಗೆ ಬಂದೀತು.

ಬೆಲೆಯ ವಿಚಾರದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹಾಕಿದ ಹಣವೆಲ್ಲ ವಾಪಸ್ ಬರುವುದಿಲ್ಲ. ನಿಮಗೆ ರಾತ್ರಿಗಳ ಶ್ರಮವಾಗಿ ಕಾಣುವ ಬದಲಾವಣೆ, ಕೊಳ್ಳುವವರಿಗೆ ಸವೆತದ ಅನುಮಾನವಾಗಿ ಕಾಣುತ್ತದೆ. ಒಳ್ಳೆಯ ಚಕ್ರಗಳನ್ನೋ ಸೀಟುಗಳನ್ನೋ ಬೇರೆಯಾಗಿ ಮಾರಿದರೆ ಕೆಲವೊಮ್ಮೆ ಹೆಚ್ಚು ಸಿಗುತ್ತದೆ. ಉಳಿದ ಅನುಮಾನ ಕಳೆಯಲು ಇರುವುದು ಒಂದೇ ದಾರಿ: ಮುರಿದದ್ದು, ಸರಿಮಾಡಿಸಿದ್ದು, ಇನ್ನೂ ಸರಿಯಾಗದ್ದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೀಲಿಯ ಜೊತೆಗೇ ಕೊಡಿ.

ಎತ್ತಿನ ಹಲ್ಲು ಕೊಳ್ಳುವವರ ಕಣ್ಣಿಗೆ ಬೀಳುತ್ತದೆ. ಎಂಜಿನ್ನಿನ ಒಳಗಿರುವುದು ನೀವು ಹೇಳಿದರೆ ಮಾತ್ರ ಗೊತ್ತಾಗುತ್ತದೆ.