ಒಂದೇ ಕೋಣೆಯ ಮನೆ, ಹಲವು ಕೋಣೆಗಳ ಮನೆ

ಮಗುವಿಗೆ ನೆಗಡಿ, ಮೈ ಸ್ವಲ್ಪ ಬಿಸಿ. ಕಳೆದ ಸಲ ಡಾಕ್ಟರರು ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಗಳಲ್ಲಿ ನಾಲ್ಕು ಕಪಾಟಿನಲ್ಲಿ ಉಳಿದಿವೆ. "ಈಗ ಅದನ್ನೇ ಕೊಟ್ಟರೆ ಆಯಿತಲ್ಲ" ಎಂದು ಅಜ್ಜಿ ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಇದು ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಸಂಗತಿ.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ರೋಗಾಣುವೂ ಜೀವಕೋಶ, ಮಗುವಿನ ದೇಹವೂ ಜೀವಕೋಶಗಳಿಂದಲೇ ಆದದ್ದು. ಹಾಗಿರುವಾಗ ಹೊಟ್ಟೆಗೆ ಹೋದ ಆ ಮಾತ್ರೆ ಒಂದನ್ನು ಕೊಂದು ಇನ್ನೊಂದನ್ನು ಉಳಿಸುವುದು ಹೇಗೆ? ಉತ್ತರವಿರುವುದು ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತ ಪಾಠದಲ್ಲಿ: ಪ್ರೊಕ್ಯಾರಿಯೋಟಿಕ್ ಮತ್ತು ಯೂಕ್ಯಾರಿಯೋಟಿಕ್ ಕೋಶಗಳ ವ್ಯತ್ಯಾಸದಲ್ಲಿ.

ಎರಡು ಬಗೆಯ ಮನೆ

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬಿರಡೆ ಮಾಡುವ ಕಾರ್ಕಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಂಡ ಗೂಡುಗಳನ್ನು 'ಸೆಲ್' ಎಂದು ಕರೆದರು. ಇಂಗ್ಲಿಷಿನಲ್ಲಿ ಮಠವಾಸಿಗಳ ಕಿರುಕೋಣೆಗೂ ಅದೇ ಪದ. ನಾವೂ ಕೋಣೆಯ ಮಾತಿನಲ್ಲೇ ಮುಂದುವರಿಯೋಣ.

ಬ್ಯಾಕ್ಟೀರಿಯಾ ಎಂದರೆ ಒಂದೇ ಕೋಣೆಯ ಮನೆ. ಅಡುಗೆ, ನಿದ್ದೆ, ಪೆಟ್ಟಿಗೆ, ಪತ್ರ ಎಲ್ಲವೂ ಅಲ್ಲಿಯೇ. ಅದರ ವಂಶವಾಹಿ, ಅಂದರೆ ಡಿ.ಎನ್.ಎ., ಸಾಮಾನ್ಯವಾಗಿ ಒಂದು ಉಂಗುರದಂತೆ ಕೋಶರಸದ ನಡುವೆ ಸುರುಳಿಯಾಗಿ ಬಿದ್ದಿರುತ್ತದೆ. ನಮ್ಮ ದೇಹದ ಕೋಶವೋ ಹಲವು ಕೋಣೆಗಳ ಮನೆ. ಡಿ.ಎನ್.ಎ.ಗೆ ಪೊರೆಯಿಂದ ಸುತ್ತುವರಿದ ಪ್ರತ್ಯೇಕ ಕೋಣೆಯಿದೆ, ಅದೇ ಕೋಶಕೇಂದ್ರ. ಶಕ್ತಿ ತಯಾರಿಸಲು ಮೈಟೊಕಾಂಡ್ರಿಯಾ, ಸರಕು ಕಟ್ಟಿ ಕಳುಹಿಸಲು ಗಾಲ್ಗಿ ಸಂಕೀರ್ಣ, ಕಸ ಕರಗಿಸಲು ಲೈಸೋಸೋಮ್ ಇವೆ.

ಹೆಸರುಗಳ ಅರ್ಥವೂ ಇದೇ. ಗ್ರೀಕ್ ಭಾಷೆಯಲ್ಲಿ 'ಕ್ಯಾರಿಯಾನ್' ಎಂದರೆ ಬೀಜದೊಳಗಿನ ತಿರುಳು. 'ಪ್ರೊ' ಎಂದರೆ ಮೊದಲು, 'ಯೂ' ಎಂದರೆ ಒಳ್ಳೆಯ, ಸರಿಯಾದ. ತಿರುಳು ಮೂಡುವುದಕ್ಕೆ ಮುಂಚಿನದು ಒಂದು, ಸರಿಯಾದ ತಿರುಳುಳ್ಳದ್ದು ಇನ್ನೊಂದು. ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಎಂಬ ಎರಡು ಗುಂಪುಗಳು ಮೊದಲನೆಯ ಬಗೆ. ಮನುಷ್ಯ, ದನ, ತೆಂಗು, ಅಡಿಕೆ, ಅಣಬೆ, ಯೀಸ್ಟ್ ಎಲ್ಲವೂ ಎರಡನೆಯ ಬಗೆ. ಅಡುಗೆಮನೆಯಲ್ಲಿ ಇವೆರಡೂ ಅಕ್ಕಪಕ್ಕದಲ್ಲಿ ಇರುತ್ತವೆ. ಹಾಲನ್ನು ಮೊಸರು ಮಾಡುವುದು ಪ್ರೊಕ್ಯಾರಿಯೋಟ್; ಕಳ್ಳು ಬೆರೆಸಿದ ಅಪ್ಪದ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಯೂಕ್ಯಾರಿಯೋಟ್.

ಗಾತ್ರದಲ್ಲೂ ಅಂತರವಿದೆ. ಬ್ಯಾಕ್ಟೀರಿಯಾದ ಉದ್ದ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಐದು ಪಾಲು. ನಮ್ಮ ಹೆಚ್ಚಿನ ಬಗೆಯ ಕೋಶಗಳು ಅದರ ಹತ್ತು ಪಟ್ಟು ಅಥವಾ ಇನ್ನೂ ದೊಡ್ಡವು.

ಮದ್ದು ನುಗ್ಗುವ ಬಾಗಿಲು

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಪೆಪ್ಟಿಡೊಗ್ಲೈಕಾನ್ ಎಂಬ ವಸ್ತುವಿನ ಹೊರಗೋಡೆ ಇದೆ. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲ, ಪೊರೆ ಮಾತ್ರ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ. ಗೋಡೆ ಸಡಿಲವಾಗಿ ಒಳಗಿನ ಒತ್ತಡ ತಾಳಲಾರದೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಗೋಡೆಯಿಲ್ಲದ ನಮ್ಮ ಕೋಶಕ್ಕೆ ಅದು ತಾಗುವುದಿಲ್ಲ.

ಎರಡನೆಯ ಬಾಗಿಲು ರೈಬೋಸೋಮ್, ಅಂದರೆ ಪ್ರೋಟೀನು ತಯಾರಿಸುವ ಯಂತ್ರ. ಇದು ಎರಡೂ ಬಗೆಯ ಕೋಶಗಳಲ್ಲಿದೆ, ಆದರೆ ಅಚ್ಚು ಬೇರೆ. ಬ್ಯಾಕ್ಟೀರಿಯಾದ್ದು ಚಿಕ್ಕದು, ನಮ್ಮ ಕೋಶರಸದಲ್ಲಿರುವುದು ದೊಡ್ಡದು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಎರಿತ್ರೊಮೈಸಿನ್ ಮೊದಲಾದವು ಆ ಚಿಕ್ಕ ಯಂತ್ರಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ 2009ರಲ್ಲಿ ಇನ್ನಿಬ್ಬರೊಂದಿಗೆ ರಸಾಯನಶಾಸ್ತ್ರದ ನೊಬೆಲ್ ಪಡೆದದ್ದು ಈ ರೈಬೋಸೋಮಿನ ರಚನೆಯನ್ನು ಬಿಡಿಸಿ ತೋರಿಸಿದ್ದಕ್ಕೆ.

ಇಲ್ಲಿ ಒಂದು ಎಚ್ಚರಿಕೆಯೂ ಇದೆ. ನಮ್ಮ ಕೋಶದೊಳಗಿನ ಮೈಟೊಕಾಂಡ್ರಿಯಾ ಹಿಂದೊಮ್ಮೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿದ್ದು, ಬಹು ಕಾಲದ ಹಿಂದೆ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆಸಿತು ಎಂದು ವಿಜ್ಞಾನಿಗಳು ಹೇಳುತ್ತಾರೆ. 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ಇದನ್ನು ವಿವರವಾಗಿ ಮಂಡಿಸಿದರು. ಅದಕ್ಕೆ ಇಂದಿಗೂ ಸ್ವಂತ ಡಿ.ಎನ್.ಎ. ಇದೆ, ಬ್ಯಾಕ್ಟೀರಿಯಾವನ್ನು ಹೋಲುವ ರೈಬೋಸೋಮೂ ಇದೆ. ಹೀಗಾಗಿ ಮದ್ದು ಕೆಲವೊಮ್ಮೆ ನಮ್ಮವರನ್ನೂ ವೈರಿಯೆಂದು ಭಾವಿಸುತ್ತದೆ. ಸ್ಟ್ರೆಪ್ಟೊಮೈಸಿನ್ ಗುಂಪಿನ ಮದ್ದುಗಳಿಂದ ಕೆಲವರ ಕಿವಿ ಕೇಳದಂತಾಗುವುದಕ್ಕೆ ಇದೂ ಒಂದು ಕಾರಣ. ಆಂಟಿಬಯಾಟಿಕ್ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ಡಾಕ್ಟರರೇ ತೀರ್ಮಾನಿಸಬೇಕು ಎನ್ನುವುದು ಇದಕ್ಕಾಗಿಯೇ.

ಬಾಗಿಲೇ ಇಲ್ಲದ ಕಡೆ

ಹುಳಕಡ್ಡಿ ತರುವ ಶಿಲೀಂಧ್ರವೂ ಮಲೇರಿಯಾದ ಪರೋಪಜೀವಿಯೂ ನಮ್ಮ ಹಾಗೆ ಯೂಕ್ಯಾರಿಯೋಟುಗಳು. ಅವುಗಳ ಮನೆಯೂ ನಮ್ಮ ಮನೆಯೂ ಬಹುಮಟ್ಟಿಗೆ ಒಂದೇ ನಕ್ಷೆಯವು. ನಮಗೆ ತೊಂದರೆಯಾಗದಂತೆ ಅವನ್ನು ಕೊಲ್ಲುವ ಮದ್ದು ಹುಡುಕುವುದು ಕಷ್ಟವಾಗಿರುವುದಕ್ಕೆ ಇದು ಮುಖ್ಯ ಕಾರಣ.

ಇನ್ನು ನೆಗಡಿ, ಫ್ಲೂ, ಡೆಂಗ್ಯೂ ತರುವ ವೈರಸ್ಸು ಕೋಶವೇ ಅಲ್ಲ. ಅದಕ್ಕೆ ಗೋಡೆಯೂ ಇಲ್ಲ, ರೈಬೋಸೋಮೂ ಇಲ್ಲ. ನಮ್ಮ ಕೋಶದ ಯಂತ್ರವನ್ನೇ ಬಳಸಿಕೊಂಡು ಬೆಳೆಯುತ್ತದೆ. ಕಪಾಟಿನ ಆ ನಾಲ್ಕು ಮಾತ್ರೆ ಮಗುವಿನ ನೆಗಡಿಗೆ ಏನೂ ಮಾಡಲಾರದು. ಆದರೆ ಅದು ಸುಮ್ಮನೆ ಹೋಗುವುದೂ ಇಲ್ಲ. ಕರುಳಿನಲ್ಲಿ ನಮಗೆ ಉಪಕಾರ ಮಾಡುತ್ತಿರುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಗಟ್ಟಿಯಾದವನ್ನು ಉಳಿಸುತ್ತದೆ.

ಒಂದೇ ಕೋಣೆಯ ಮನೆಯ ಬಲವೂ ಇಲ್ಲಿಯೇ ಕಾಣುತ್ತದೆ. ಅದನ್ನು ಕಟ್ಟುವುದು ಸುಲಭ. ಅನುಕೂಲವಿದ್ದರೆ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಆ ಲೆಕ್ಕದಲ್ಲಿ ಒಂದು, 10 ಗಂಟೆಯಲ್ಲಿ 100 ಕೋಟಿ ದಾಟಬೇಕು. ಸಾಲದ್ದಕ್ಕೆ, ಮದ್ದನ್ನು ಎದುರಿಸುವ ಗುಣವನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರಗಳ ಮೂಲಕ ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ದಾಟಿಸಬಲ್ಲದು. ನಮ್ಮ ಮನೆಯಲ್ಲಿ ಹುಟ್ಟಿದ ಮೊಂಡು ರೋಗಾಣು ನೆರೆಮನೆಯ ಬಾಣಂತಿಗೋ ವೃದ್ಧರಿಗೋ ತಗಲಿದರೆ, ಮದ್ದಿದ್ದೂ ಇಲ್ಲದಂತೆ. 1945ರ ನೊಬೆಲ್ ಭಾಷಣದಲ್ಲಿಯೇ ಫ್ಲೆಮಿಂಗ್ ಈ ಅಪಾಯದ ಕುರಿತು ಎಚ್ಚರಿಸಿದ್ದರು.

ನಾವು ಮಾಡಬಹುದಾದದ್ದು

ಕಾಸರಗೋಡಿನ ನಮಗೆ ಇದು ದೂರದ ವಿಷಯವಲ್ಲ. ಡಾಕ್ಟರರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳನ್ನು ಪತ್ತೆಹಚ್ಚಲು ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ 'ಆಪರೇಷನ್ ಅಮೃತ್' ಆರಂಭಿಸಿತು. ಆದರೆ ಕಾನೂನು ನಮ್ಮ ಕಪಾಟಿನವರೆಗೆ ಬರಲಾರದು.

ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಚೀಟಿಯಿಲ್ಲದೆ ಕೊಳ್ಳುವುದು ಬೇಡ. ಎಷ್ಟು ದಿನವೆಂದು ಡಾಕ್ಟರರು ಹೇಳಿದರೋ ಅಷ್ಟು ದಿನ ತಪ್ಪದೆ ತೆಗೆದುಕೊಳ್ಳೋಣ. ಕ್ಷಯದ ಮದ್ದನ್ನಂತೂ ಮೈ ಹಗುರವಾಯಿತೆಂದು ನಡುವೆ ಬಿಡಲೇಬಾರದು. ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ಇಡುವುದು, ಪಕ್ಕದ ಮನೆಗೆ ಕೊಡುವುದು ಎರಡೂ ಬೇಡ.

ಮುಂದಿನ ಸಲ ಮಗು ವಿಜ್ಞಾನದ ಪುಸ್ತಕ ಹಿಡಿದು "ಈ ವ್ಯತ್ಯಾಸ ಕಲಿತು ಏನು ಪ್ರಯೋಜನ?" ಎಂದು ಕೇಳಿದರೆ, ಕಪಾಟನ್ನು ತೆರೆದು ತೋರಿಸೋಣ.