ಮೊದಲು ಹತ್ತುವ ಮಗು ಯಾವುದು?

ಬೆಳಗಿನ ಏಳೂವರೆಗೆಲ್ಲ ಬೆಂಗಳೂರಿನ ಮಾರೇನಹಳ್ಳಿಯ ಕ್ರಾಸುಗಳಲ್ಲಿ ಜಾಗಕ್ಕಾಗಿ ಜಗ್ಗಾಟ ಶುರು. ರಾತ್ರಿ ನಿಲ್ಲಿಸಿದ ಕಾರುಗಳು ಇನ್ನೂ ಕದಲಿಲ್ಲ. ಸೊಪ್ಪಿನ ಗಾಡಿ, ಕಸದ ಆಟೊ, ಹಾಲಿನ ಟ್ರೇ ಇಳಿಸುವ ಟೆಂಪೊ ಒಂದರ ಹಿಂದೊಂದು. ಹಳ್ಳಿಯಾಗಿದ್ದ ಕಾಲದ ಓಣಿಗಳಿಗೆ ವಿಜಯನಗರದ ಬಡಾವಣೆ ಬಂದು ಕೂಡಿಕೊಂಡ ಜಾಗವಿದು. ಮನೆಗಳು ಮೇಲಕ್ಕೆ ಬೆಳೆದವು, ಓಣಿ ಅಗಲವಾಗಲಿಲ್ಲ. ಅಂಥದೊಂದು ಕ್ರಾಸಿನ ಬಾಯಲ್ಲಿ ವಿಶೇಷ ಶಾಲೆಯ ಹಳದಿ ವ್ಯಾನ್ ಬಂದು ನಿಲ್ಲುತ್ತದೆ. ಡ್ರೈವರ್ ಹಾರ್ನ್ ಒತ್ತುವುದಿಲ್ಲ. ಒತ್ತಿದರೆ ಹಿಂದಿನ ಸೀಟಿನ ಹುಡುಗ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ವ್ಯಾನಿನ ಆಯಮ್ಮ ಮನೆಯವರಿಗೆ ಮಿಸ್ಡ್ ಕಾಲ್ ಕೊಡುತ್ತಾರೆ.

ಮೂರನೇ ಮಹಡಿಯಿಂದ ತಾಯಿ ಮಗಳನ್ನು ಎತ್ತಿಕೊಂಡು ಇಳಿಯುತ್ತಾರೆ. ಲಿಫ್ಟ್ ಇಲ್ಲ. ಹುಡುಗಿ ಉದ್ದ ಬೆಳೆದಿದ್ದಾಳೆ, ಕಾಲುಗಳು ತಾಯಿಯ ಮಂಡಿಗೆ ತಾಗುತ್ತವೆ. ಸೆರೆಬ್ರಲ್ ಪಾಲ್ಸಿಯಿಂದಾಗಿ ಕತ್ತು ನಿಲ್ಲುವುದಿಲ್ಲ. ವೀಲ್‌ಚೇರ್ ಮೆಟ್ಟಿಲಡಿಯಲ್ಲಿ, ಸ್ಕೂಟರಿನ ಪಕ್ಕದಲ್ಲಿದೆ. ಗೇಟಿನ ಮುಂದಿನ ಮೋರಿ ಚಪ್ಪಡಿ ಒಂದು ಮಗ್ಗುಲಿಗೆ ಕುಸಿದಿದ್ದು, ಮುಂದಿನ ಪುಟ್ಟ ಗಾಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಾಯಿ ಚೇರನ್ನು ಹಿಂದುಮುಂದಾಗಿ ತಿರುಗಿಸಿ, ದೊಡ್ಡ ಗಾಲಿಗಳನ್ನು ಮೊದಲು ದಾಟಿಸುತ್ತಾರೆ.

“ಅಕ್ಕ, ನಿಧಾನಕ್ಕೆ ಬನ್ನಿ, ನಿಂತಿರ್ತೀನಿ,” ಎನ್ನುತ್ತಾನೆ ಡ್ರೈವರ್.

“ಆಯಮ್ಮ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಇವಳು. ಸ್ವಲ್ಪ ನೋಡ್ಕೊಳ್ಳಿ.”

“ಆಯ್ತು ಕಣಮ್ಮ, ನನ್ನ ಪಕ್ಕಾನೇ ಕೂರಿಸ್ಕೋತೀನಿ.”

ಇವಳಂತೆ ಫಿಟ್ಸ್ ಬರುವ ಮಗುವಿಗೆ ನಿದ್ದೆಗೆಟ್ಟ ರಾತ್ರಿಯ ಮರುದಿನ ಅಪಾಯ ಹೆಚ್ಚು. ಇಂಥ ಮಾತು ಯಾವ ಅರ್ಜಿ ಫಾರಮ್ಮಿನಲ್ಲೂ ಇರುವುದಿಲ್ಲ. ವ್ಯಾನಿನ ಬಾಗಿಲಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ.

ಸಾಮಾನ್ಯ ಶಾಲೆಗೆ ರೂಟ್ ಹಾಕುವುದು ದೊಡ್ಡ ತಲೆನೋವಲ್ಲ. ಮೇನ್ ರೋಡಿನಲ್ಲಿ ಸ್ಟಾಪ್ ಗುರುತಿಸಿದರೆ ಮಕ್ಕಳೇ ನಡೆದು ಬರುತ್ತಾರೆ. ಈ ಮಕ್ಕಳಿಗೆ ಪ್ರತಿ ಮನೆ ಬಾಗಿಲೂ ಒಂದು ಸ್ಟಾಪ್. ಹತ್ತಿಸಿ, ಬೆಲ್ಟ್ ಬಿಗಿದು, ಚೇರ್ ಮಡಚಿ ಇಡುವಷ್ಟರಲ್ಲಿ ಹಿಂದೆ ಬೈಕುಗಳ ಸಾಲು ಬೆಳೆದಿರುತ್ತದೆ. ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಒಂದೇ: ಯಾರು ಮೊದಲು? ಮೊದಲು ಹತ್ತಿದ ಮಗು ಕೊನೆಯ ಮಗು ಹತ್ತುವವರೆಗೂ ಕೂತೇ ಇರಬೇಕು. ಕತ್ತು ನಿಲ್ಲದವಳನ್ನು ಅಷ್ಟು ಹೊತ್ತು ಕೂರಿಸಲಾಗದು. ಮೂಳೆ ಬೇಗ ಮುರಿಯುವ ಕಾಯಿಲೆಯ ಹುಡುಗನಿಗೆ ಹಂಪುಗಳಿರುವ ರಸ್ತೆಯೇ ಬೇಡ, ಸುತ್ತಾದರೂ ಸರಿ. ಕಾರ್ಡ್ ರೋಡಿನಾಚೆಯ ಮಗುವನ್ನು ರಸ್ತೆ ದಾಟಿಸಿ ಕರೆತರುವಂತಿಲ್ಲ. ಮೆಟ್ರೊ ಕಂಬಗಳ ಉದ್ದಕ್ಕೂ ಹೋಗಿ ಯೂ ಟರ್ನ್ ಹೊಡೆದು ಅವರ ಗೇಟಿಗೇ ಬರಬೇಕು. ಆಟಿಸಂ ಇರುವ ಮಗುವಿಗೆ ದಾರಿಯೂ ಬದಲಾಗಬಾರದು, ಸೀಟೂ ಬದಲಾಗಬಾರದು. ಗಣೇಶನ ಪೆಂಡಾಲ್, ಅಣ್ಣಮ್ಮನ ಉತ್ಸವ, ನವೆಂಬರಿನ ರಾಜ್ಯೋತ್ಸವ ಎಂದು ಕ್ರಾಸ್ ಮುಚ್ಚಿದ ದಿನ ಆ ಮಗುವಿನ ಇಡೀ ಬೆಳಗು ಅಳುವಿನಲ್ಲೇ ಹೋಗುತ್ತದೆ. ಹಿಂದಿನ ಸಂಜೆಯೇ ಮನೆಯವರಿಗೆ ಹೇಳಿ, ಮಗುವಿಗೂ ತಿಳಿಸಿ ಸಿದ್ಧಗೊಳಿಸುವ ಆಯಮ್ಮನ ಕೆಲಸ ಯಾವ ಥೆರಪಿಗೂ ಕಡಿಮೆಯದಲ್ಲ ಎಂದೇ ನನ್ನ ಭಾವನೆ.

ಇಂಥ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದೂ ಉಂಟು. ಅಮೆರಿಕದ ಬಾಸ್ಟನ್ ನಗರ 2017ರಲ್ಲಿ ತನ್ನ ಸರ್ಕಾರಿ ಶಾಲೆಗಳ ಬಸ್ ದಾರಿಗಳನ್ನು ಹಾಕಲು ಎಂಐಟಿಯ ಗಣಿತಜ್ಞರ ನೆರವು ಪಡೆಯಿತು. ಮನೆ ಬಾಗಿಲಿಗೇ ಬಸ್ ಬೇಕಾದ ಮಕ್ಕಳೂ ಆ ಲೆಕ್ಕದಲ್ಲಿದ್ದರು. ಸುಮಾರು 50 ಬಸ್ಸುಗಳು ಉಳಿತಾಯವಾದವು. ಅದೇ ಬಳಗ ಶಾಲೆಗಳ ಸಮಯವನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ ಕೊಟ್ಟಾಗ ಮಾತ್ರ ತಂದೆತಾಯಿಗಳು ತಿರುಗಿಬಿದ್ದರು, ಯೋಜನೆಯನ್ನು ಕೈಬಿಡಬೇಕಾಯಿತು. ಕಂಪ್ಯೂಟರ್ ಬೇಡವೆಂದಲ್ಲ. ಮನೆಯವರನ್ನು ಕೇಳಿದ ಮೇಲೆ ಅದು ಬರಲಿ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಶಾಲಾ ಬಸ್ಸಿನ ಬಾಗಿಲಿಗೆ ಭದ್ರ ಚಿಲಕ, ಒಳಗೊಬ್ಬ ಸಹಾಯಕರು ಇರಬೇಕೆಂಬ ಸುಪ್ರೀಂ ಕೋರ್ಟಿನ ನಿರ್ದೇಶನ 1997ರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ಸಾರಿಗೆ ಒದಗಿಸುವಂತೆ ಸರ್ಕಾರ ಯತ್ನಿಸಬೇಕು, ಹೆಚ್ಚಿನ ಆಸರೆ ಬೇಕಾದವರ ಜೊತೆಗಾರರಿಗೂ ಒದಗಿಸಬೇಕು ಎನ್ನುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗಳಿವೆ. ಆದರೆ ವೀಲ್‌ಚೇರ್ ನೋಡಿದ ಕೂಡಲೇ ಮುಂದಕ್ಕೆ ಹೋಗುವ ಆಟೊವನ್ನು ಭತ್ಯೆ ನಿಲ್ಲಿಸುವುದಿಲ್ಲ. ಬ್ಯಾಂಕ್ ಖಾತೆಗೆ ಬೀಳುವ ದುಡ್ಡೇ ಬೇರೆ, ಗೇಟಿಗೆ ಬರುವ ವ್ಯಾನೇ ಬೇರೆ.

ವ್ಯಾನ್ ಇಲ್ಲದ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ತೀವ್ರ ನ್ಯೂನತೆ ಇರುವವರಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿದೆ, ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಮನೆಗೇ ಬಂದು ಕಲಿಸುತ್ತಾರೆ. ಅದು ಬೇಕಾದವರಿಗೆ ಅದು ಸರಿ. ದಾರಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಮಗು ಆ ಪಟ್ಟಿಗೆ ಸೇರುವುದು ಅನ್ಯಾಯ.

ಈಗ ವ್ಯಾನ್ ಇರುವ ಪ್ರತಿ ಶಾಲೆಯೂ ಅದನ್ನು ತನ್ನ ಮಕ್ಕಳಿಗಷ್ಟೇ ಓಡಿಸುತ್ತದೆ. ಒಂದು ಶಾಲೆಯ ವ್ಯಾನು ಅರ್ಧ ಖಾಲಿ ಹೋಗುತ್ತಿರುವಾಗ, ಎರಡು ಕ್ರಾಸ್ ಆಚೆ ಇನ್ನೊಂದು ಶಾಲೆಯ ಮಗು ಕಿಟಕಿಯಲ್ಲಿ ಕೂತಿರುತ್ತದೆ. ಶಾಲೆವಾರು ದಾರಿ ಬಿಟ್ಟು ಬಡಾವಣೆವಾರು ದಾರಿ ಹಾಕಬೇಕು. ಮಾರೇನಹಳ್ಳಿ, ಮೂಡಲಪಾಳ್ಯ, ಅತ್ತಿಗುಪ್ಪೆಯ ಮಕ್ಕಳನ್ನು ಒಂದೇ ಪಟ್ಟಿಯಲ್ಲಿ ಬರೆದು, ಅತಿ ಕಡಿಮೆ ಹೊತ್ತು ಕೂರಬಲ್ಲ ಮಗುವನ್ನು ಕೊನೆಯ ಪಿಕಪ್ ಎಂದು ಗುರುತಿಸಿ, ಅಲ್ಲಿಂದ ಹಿಂದಕ್ಕೆ ದಾರಿ ಎಳೆಯಬೇಕು. ಇದು ಮೇ ತಿಂಗಳಲ್ಲೇ ಆಗಬೇಕಾದ ಕೆಲಸ. ಶಾಲೆಯವರು, ಶಿಕ್ಷಣ ಇಲಾಖೆಯವರು ಕೂರುವ ಆ ಮೇಜಿನಲ್ಲಿ ಡ್ರೈವರಿಗೂ ಆಯಮ್ಮನಿಗೂ ಒಂದೊಂದು ಕುರ್ಚಿ ಹಾಕಬೇಕು.